ದೂಜನ ಉಡ, ಅಣವೀರಪ್ಪನ ಏಡಿ

ಅಣವೀರಪ್ಪನ ಫೋಟೋ ಪೇಪರಿನಲ್ಲಿ ಬಂದ ದಿನ ದೂಜ ತಿಂಡಿ ತಿನ್ನಲಿಲ್ಲ. ಬಟ್ಟಲಲ್ಲಿದ್ದದ್ದು ನೀರುದೋಸೆ ಮತ್ತು ಕಾಯಿಬೆಲ್ಲ, ಅಂದರೆ ಅವನ ಪ್ರಾಣ. "ಎಂತ ಆಯ್ತು ನಿಮಗೆ?" ಅಂತ ಹೆಂಡತಿ ಅಪ್ಪಿ ಕೇಳಿದರೆ ಪೇಪರು ಮಡಚಿ ಅವಳತ್ತ ದೂಡಿದ. ಒಳಪುಟದ ಮೂಲೆಯಲ್ಲಿ ಅಂಗೈಯಗಲದ ಫೋಟೋ. ಬಿಳಿಗಡ್ಡದ ಅಣವೀರಪ್ಪ ರಬ್ಬರಿನ ಏಡಿಯೊಂದನ್ನು ಮೊಮ್ಮಗುವಿನ ಹಾಗೆ ಎದೆಗವಚಿಕೊಂಡು ನಗುತ್ತಿದ್ದಾನೆ. ಕೆಳಗೆ ಬರೆದಿದ್ದರು: ‘ಕಾಲೇ ಟಾಪೂ ಕಾ ಶಹಜಾದಾ’ ಮತ್ತೆ ತೆರೆಗೆ, ಏಡಿಗೆ ಜೀವ ಕೊಟ್ಟವರು ಇವರೇ.

"ಒಳ್ಳೇದಾಯ್ತಲ್ಲ," ಎಂದಳು ಅಪ್ಪಿ.

"ಎಂತದು ಒಳ್ಳೇದು? ಏಡಿಯಂತೆ ಏಡಿ! ಆ ಸಿನಿಮಾದಲ್ಲಿ ಉಡ ಇರ್ಲಿಲ್ವಾ? ಉಡ ಎಂತ ತಾನಾಗಿಯೇ ನಡ್ಕೊಂಡು ಬಂತಾ?"

ಅರವತ್ತೈದು ದಾಟಿದವರಿಗೆ ಬಿಪಿ ಬರುತ್ತದೆ, ಶುಗರ್ ಬರುತ್ತದೆ. ದೂಜನಿಗೆ ಇದ್ದದ್ದು ಒಂದೇ ಕಾಯಿಲೆ, ಅಣವೀರಪ್ಪ. ಅದೂ ನಿನ್ನೆ ಮೊನ್ನೆಯದಲ್ಲ, ಮೂವತ್ತೆಂಟು ವರ್ಷದ್ದು. ಬೊಂಬಾಯಿಯ ಸಯನ್ನಿನಲ್ಲಿ ಅವನಿದ್ದ ಬಿಲ್ಡಿಂಗಿನ ಯಾರ ಮನೆಗೆ ಹೋಗಿ ಕೇಳಿದರೂ ಹೇಳುತ್ತಾರೆ: ದೂಜಣ್ಣ ಚಿನ್ನದಂಥ ಮನುಷ್ಯ, ಆದರೆ ಅವರ ಎದುರು ಏಡಿಯ ವಿಷಯ ಮಾತ್ರ ಎತ್ತಬೇಡಿ. ಅಪ್ಪಿ ಮಾರ್ಕೆಟಿನಿಂದ ಏಡಿ ತಂದರೂ ಮುಖ ಸಿಂಡರಿಸುತ್ತಿದ್ದ. ತಿನ್ನುವಾಗ ನಾಲ್ಕು ತುಂಡು ಜಾಸ್ತಿಯೇ ತಿನ್ನುತ್ತಿದ್ದ ಅನ್ನಿ, ಅದು ಬೇರೆ ಮಾತು.

ದೂಜ ಕಾಪುವಿನವನು. ಬೊಂಬಾಯಿಗೆ ಬಂದದ್ದು ಎಲ್ಲರ ಹಾಗೆ ಹೋಟೆಲಿಗೆ. ಸಯನ್ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರಲ್ಲಿ ಪೂರಿ ಲಟ್ಟಿಸುತ್ತಿದ್ದ. ಮಿಕ್ಕಿದ ಹಿಟ್ಟಿನಲ್ಲಿ ಆಮೆ, ಓತಿ, ನಾಯಿ ಮಾಡಿ ಕಿಟಕಿಯ ಮೇಲೆ ಸಾಲಾಗಿ ಇಡುತ್ತಿದ್ದ. ಚಾ ಕುಡಿಯಲು ಬಂದ ಬಂಗಾಳಿ ಮಾಸ್ತರನೊಬ್ಬ ಅದನ್ನು ಕಂಡು, ನನ್ನ ಜೊತೆ ಬರ್ತೀಯಾ ಅಂದ. ಆ ಮಾಸ್ತರನದು ಜೋಗೇಶ್ವರಿಯಲ್ಲಿ ಒಂದು ತಗಡಿನ ಶೆಡ್ಡು. ಸಿನಿಮಾಗಳಿಗೆ ಬೇಕಾದ ರಾಕ್ಷಸರೆಲ್ಲ ಅಲ್ಲಿ ತಯಾರಾಗುತ್ತಿದ್ದರು.

ಅದೇ ಶೆಡ್ಡಿಗೆ ಅದೇ ವರ್ಷ ಕಲಬುರ್ಗಿ ಕಡೆಯ ಅಣವೀರಪ್ಪ ಬಂದ. ಕಟ್ಟಡಗಳಲ್ಲಿ ಸೆಂಟ್ರಿಂಗ್ ಹಲಗೆ ಬಡಿಯುತ್ತಿದ್ದವನು, ಸೆಟ್ಟಿನ ಗುಡ್ಡ, ಗುಹೆ ಮಾಡಲು ಬಂದು ಅಲ್ಲೇ ನಿಂತುಬಿಟ್ಟ. ಇಬ್ಬರೂ ಒಂದೇ ವಾರಗೆಯವರು. ಅವನ ಜೋಳದ ರೊಟ್ಟಿಯಲ್ಲಿ ಇವನಿಗೆ ಅರ್ಧ, ಇವನು ತಂದ ಗೋಳಿಬಜೆಯಲ್ಲಿ ಅವನಿಗೆ ಅರ್ಧ. ಅಷ್ಟು ಹತ್ತಿರದವನಾದ್ದರಿಂದಲೇ ನೋಡಿ, ಹೊಟ್ಟೆಕಿಚ್ಚು ಹತ್ತಿಕೊಂಡದ್ದು. ದೂರದವರು ಉದ್ಧಾರವಾದರೆ ನಮಗೇನು ಹೋಗಬೇಕು ಹೇಳಿ.

ಸಿನಿಮಾದ ಕಥೆ ಎಂತದ್ದೂ ಇಲ್ಲ. ರಾಜಕುಮಾರ ಹಡಗು ಹತ್ತುತ್ತಾನೆ, ಕರಿದ್ವೀಪಕ್ಕೆ ಹೋಗುತ್ತಾನೆ, ಗುಡ್ಡದಷ್ಟು ದೊಡ್ಡ ಕಲ್ಲೇಡಿಯೊಂದಿಗೆ ಹೊಡೆದಾಡುತ್ತಾನೆ, ರೆಕ್ಕೆಯ ಉಡವೊಂದನ್ನು ಕೊಂದು ರಾಜಕುಮಾರಿಯನ್ನು ಬಿಡಿಸಿ ತರುತ್ತಾನೆ. ಕಂಪ್ಯೂಟರ್ ಇಲ್ಲದ ಕಾಲ. ಏಡಿ, ಉಡ ಎಲ್ಲ ಮೊಣಕೈ ಉದ್ದದ ಗೊಂಬೆಗಳು. ಒಳಗೆ ಕಬ್ಬಿಣದ ಎಲುಬು, ಮೇಲೆ ರಬ್ಬರಿನ ಚರ್ಮ. ಕೂದಲೆಳೆಯಷ್ಟು ಕಾಲು ಸರಿಸಬೇಕು, ಕೈ ಹಿಂದೆ ತೆಗೆಯಬೇಕು, ಒಂದು ಫೋಟೋ ಹೊಡೆಯಬೇಕು. ಮತ್ತೆ ಸರಿಸು, ಮತ್ತೆ ಹೊಡಿ. ಒಂದೊಂದು ಫೋಟೋಗೂ ಒಂದು ಫ್ರೇಮ್ ಅಂತ ಹೆಸರು. ಅಂಥ ಇಪ್ಪತ್ತನಾಲ್ಕು ಫ್ರೇಮ್ ಓಡಿದರೆ ತೆರೆಯ ಮೇಲೆ ಒಂದು ಸೆಕೆಂಡು. ಬೆಳಿಗ್ಗೆ ಎಂಟಕ್ಕೆ ನಿಂತವನು ಸಂಜೆ ಸೊಂಟ ಹಿಡಿದುಕೊಂಡು ಕೂತಾಗ ಏಡಿ ನಾಲ್ಕು ಹೆಜ್ಜೆ ನಡೆದಿರುತ್ತಿತ್ತು.

ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಗೊಂಬೆ ಸರಿಸುವವನು, ಇನ್ನೊಬ್ಬ ಕ್ಯಾಮೆರಾ ಒತ್ತುವವನು. ಏಡಿ ಅಣವೀರಪ್ಪನ ಪಾಲಿಗೆ, ಉಡ ದೂಜನ ಪಾಲಿಗೆ. ಏಡಿ ಆಡುವಾಗ ದೂಜ ಒತ್ತುತ್ತಿದ್ದ, ಉಡ ಆಡುವಾಗ ಅಣವೀರಪ್ಪ. ಮಾಸ್ತರನ ಕಟ್ಟುಪಾಡು ಮಾತ್ರ ಕಬ್ಬಿಣದಂಥದ್ದು: ಒಂದು ಶಾಟಿಗೆ ಒಂದೇ ಕೈ. ಶುರು ಮಾಡಿದವನೇ ಮುಗಿಸಬೇಕು. ನಡುವೆ ಬೇರೆಯವನು ಮುಟ್ಟಿದರೆ ಗೊಂಬೆಯ ನಡೆಯೇ ಬದಲಾಗಿ, ಗಂಡ ಒಳಗೆ ಹೋಗಿ ಮೈದುನ ಹೊರಗೆ ಬಂದ ಹಾಗೆ ಕಾಣುತ್ತದೆ ಅನ್ನುತ್ತಿದ್ದ. ಮುಟ್ಟಿದವನಿಗೂ ಮುಟ್ಟಗೊಟ್ಟವನಿಗೂ ಆವತ್ತೇ ಶೆಡ್ಡಿನ ಬಾಗಿಲು ಬಂದ್.

ಸಿನಿಮಾ ಬಂತು, ಏಡಿ ಗೆದ್ದಿತು. ಪೋಸ್ಟರಿನಲ್ಲಿ ಏಡಿ, ಮಕ್ಕಳ ನೋಟುಬುಕ್ಕಿನ ರಟ್ಟಿನಲ್ಲಿ ಏಡಿ. ಗಲ್ಲಿಗಲ್ಲಿಯಲ್ಲಿ ಹುಡುಗರು ಅಡ್ಡಡ್ಡ ನಡೆದು ಕೈಯನ್ನು ಕತ್ತರಿ ಮಾಡಿ ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ಉಡ ಯಾರಿಗೆ ಬೇಕು! ಎರಡು ವರ್ಷದಲ್ಲಿ ಮಾಸ್ತರ್ ತೀರಿಕೊಂಡ, ಶೆಡ್ಡು ಮುಚ್ಚಿತು. ಏಡಿಯವನನ್ನು ಜಾಹೀರಾತಿನವರು ಹುಡುಕಿಕೊಂಡು ಬಂದರು. ಕುಣಿಯುವ ಹಲ್ಲು ಮಾಡಿದ, ಹಾಡುವ ಬಿಸ್ಕತ್ತು ಮಾಡಿದ, ಭಾಂಡುಪ್‌ನಲ್ಲಿ ಸ್ವಂತ ವರ್ಕ್‌ಶಾಪ್ ಮಾಡಿದ. ಕಾಲೇಜು ಮಕ್ಕಳು ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಉಡದವನು ಹೋಟೆಲಿಗೆ ವಾಪಸು ಬಂದ, ಮೂವತ್ತು ವರ್ಷ ಸೂಪರ್‌ವೈಸರಾಗಿ "ಟೇಬಲ್ ಮೂರು ಒರಸೋ" ಅಂದು ರಿಟೈರಾದ. ಕೈ ಕೆಸರಾದದ್ದು ಇಬ್ಬರದ್ದೂ, ಮೊಸರು ಮಾತ್ರ ಒಬ್ಬನ ಬಾಯಿಗೆ.

ಅಣವೀರಪ್ಪ ಭಾಂಡುಪ್‌ನಲ್ಲಿ ಮನೆ ಮಾಡಿದಾಗ ದೂಜ ಹೋಗಿ ಹೋಳಿಗೆ ಊಟ ಮಾಡಿ ಬಂದು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಅವನ ಮಗಳು ಡಾಕ್ಟರಾದಾಗ ಊರಿನ ಡಾಕ್ಟರುಗಳನ್ನೆಲ್ಲ ಒಂದು ವಾರ ಬೈದ. ಆ ಮನುಷ್ಯ ಕೆಟ್ಟವನಾಗಿದ್ದರೂ ಆಗುತ್ತಿತ್ತು, ನಾಲ್ಕು ಮಾತು ಉಗಿದು ಹಗುರಾಗಬಹುದಿತ್ತು. ಅವನೋ, ಪ್ರತಿ ದೀಪಾವಳಿಗೆ ತಪ್ಪದೆ ಫೋನು ಮಾಡಿ "ದೂಜಾ, ಆರಾಮಿದ್ದಿಯೇನಪಾ?" ಅಂತ ಕೇಳುವವನು. ಆ ಫೋನು ಇಟ್ಟ ಮೇಲೆ ದೂಜನಿಗೆ ಎದೆಯುರಿಗೆ ಸೋಡಾ ಬೇಕಾಗುತ್ತಿತ್ತು.

ಆದರೆ ದೂಜನ ಹತ್ತಿರವೂ ಒಂದು ಇತ್ತು. ಅದೊಂದನ್ನು ಹಿಡಿದುಕೊಂಡೇ ಅವನು ಇಷ್ಟು ವರ್ಷ ತಲೆ ಎತ್ತಿ ತಿರುಗಿದ್ದು. ಉಡ ಸಾಯುವ ಶಾಟ್.

ಏಳು ಸೆಕೆಂಡು, ನೂರ ಅರುವತ್ತೆಂಟು ಫ್ರೇಮ್. ಎದೆಗೆ ಈಟಿ ನೆಟ್ಟ ಉಡ ಗುಹೆಯ ಬಾಯಲ್ಲಿ ಬಿದ್ದಿದೆ. ನಿಧಾನ ತಲೆ ಎತ್ತುತ್ತದೆ, ಮೂಲೆಯಲ್ಲಿರುವ ತನ್ನ ಮೊಟ್ಟೆಯ ಕಡೆ ನೋಡುತ್ತದೆ. ಒಂದು ರೆಕ್ಕೆ ಬಿಚ್ಚಿ ಮೊಟ್ಟೆಯ ಮೇಲೆ ಹಾಸಲು ಹೋಗುತ್ತದೆ, ಎಟಕುವುದಿಲ್ಲ. ರೆಕ್ಕೆ ಅರ್ಧದಲ್ಲಿ ತಡೆದು, ನಡುಗಿ, ನೆಲಕ್ಕೆ ಇಳಿಯುತ್ತದೆ. ಥಿಯೇಟರಿನಲ್ಲಿ ಮಕ್ಕಳು ಗೊಳೋ ಅಂತ ಅತ್ತರು. "ಏಡಿಗೆ ಸೀಟಿ ಹೊಡೆದ್ರು, ನನ್ನ ಉಡಕ್ಕೆ ಕಣ್ಣೀರು ಹಾಕಿದ್ರು. ಯಾವುದು ದೊಡ್ಡದು, ನೀವೇ ಹೇಳಿ ಮಾರಾಯ್ರೆ," ಅನ್ನುತ್ತಿದ್ದ ದೂಜ ಕಂಡಕಂಡವರ ಹತ್ತಿರ.

ಮುಂದಿನ ಮಾತು ಅದಕ್ಕಿಂತ ದೊಡ್ಡದು. ಆ ಶಾಟ್ ಶುರುವಾದದ್ದು ಒಂದು ಶನಿವಾರ ಮಧ್ಯಾಹ್ನ. ದೂಜನಿಗೆ ಮೈ ಕೆಂಡದ ಹಾಗೆ ಸುಡುತ್ತಿತ್ತು. ಉಡದ ತಲೆ ಎತ್ತಿದ್ದು ನೆನಪುಂಟು, ಒಂದು ಮೂವತ್ತು ಫ್ರೇಮ್ ಆಗಿರಬಹುದು. ಆಮೇಲೆ ಕತ್ತಲೆ. ಕಣ್ಣು ಬಿಟ್ಟಾಗ ಮಂಗಳವಾರ, ಸಯನ್ ಆಸ್ಪತ್ರೆಯ ಹಾಸಿಗೆ, ಟೈಫಾಯಿಡು. ಪಕ್ಕದ ಸ್ಟೂಲಿನಲ್ಲಿ ಅಣವೀರಪ್ಪ. "ಪೂರಾ ಶಾಟ್ ಮುಗಿಸೇ ಬಿದ್ದಿ ನೋಡಪಾ ನೀ," ಅಂದ. ಫ್ರೇಮಿಗೊಂದು ಗೀಟು ಎಳೆಯುವ ಹಾಳೆಯಲ್ಲಿ ನೂರ ಅರುವತ್ತೆಂಟು ಗೀಟೂ ಇತ್ತು. ಎರಡು ದಿನದ ಕೆಲಸ ಒಂದೇ ಮಧ್ಯಾಹ್ನದಲ್ಲಿ ಆಗಿತ್ತು!

ಇದು ಮನುಷ್ಯನಿಂದ ಆಗುವ ಕೆಲಸವಾ? ಕಾಪುವಿನ ಮಗನಿಗೆ ಬೇರೆ ಯೋಚನೆ ಬರುವುದಾದರೂ ಹೇಗೆ? ಪಾತ್ರಿಯ ಮೈಮೇಲೆ ದೈವ ಬಂದಾಗ ತಾನು ಎಂತ ಮಾಡಿದೆ ಅಂತ ಅವನಿಗೆ ಗೊತ್ತಿರುತ್ತದಾ? ಹಾಗೇ ಇದೂ. ಕೈ ದೂಜನದು, ಆಡಿಸಿದ್ದು ಮನೆಯ ದೈವ. ಚೇತರಿಸಿಕೊಂಡವನೇ ಊರಿಗೆ ಹೋಗಿ, ಕೋಳಿ ಕೊಯ್ಸಿ, ದೈವಕ್ಕೆ ಅಗೆಲಿನ ಎಡೆ ಬಡಿಸಿ ಬಂದ. ಮದುವೆ, ಮುಂಜಿ, ಸಂಘದ ವಾರ್ಷಿಕೋತ್ಸವ, ಎಲ್ಲಿ ನಾಲ್ಕು ಜನ ಸಿಕ್ಕರೂ ಈ ಕಥೆ ಹೇಳಿದ. ಅಣವೀರಪ್ಪ ಎದುರಿಗಿದ್ದರಂತೂ ಬೇಕೆಂದೇ ಎರಡು ಸಲ ಹೇಳಿದ. ಅವನು ತಲೆ ತಗ್ಗಿಸಿ "ಖರೆ, ಖರೆ" ಅನ್ನುತ್ತಿದ್ದ. ಆಗ ದೂಜನ ಹೊಟ್ಟೆಗೆ ಹಾಲು ಹೊಯ್ದ ಹಾಗಾಗುತ್ತಿತ್ತು. ಏಡಿಯವನೇ, ನಿನಗೆ ಎಲ್ಲ ಸಿಕ್ಕಿರಬಹುದು, ದೈವ ಮುಟ್ಟಿದ್ದು ನನ್ನ ಕೈಯನ್ನು.

ಪೇಪರಿನಲ್ಲಿ ಫೋಟೋ ಬಂದು ನಾಲ್ಕು ದಿನಕ್ಕೆ ದೂಜನಿಗೂ ಫೋನು ಬಂತು. ಜೋಗೇಶ್ವರಿಯಲ್ಲಿ ಹಳೆ ರೀಲುಗಳ ಕೊಳೆ ತೆಗೆದು ಹೊಸದು ಮಾಡುವ ಆಫೀಸು. ಮಾತಾಡಿದವಳು ಯಕ್ಷಿತಾ ಅಂತ ಹುಡುಗಿ, ಅಪ್ಪ ಅಮ್ಮ ಮಂಗಳೂರಿನವರು. "ಅಂಕಲ್, ಥೋಡಾ ಡೌಟ್ಸ್ ಇದೆ. ಗುರುವಾರ ಬಾರಾ ಬಜೇ ಬರ್ತೀರಾ? ಅಣವೀರಪ್ಪ ಅಂಕಲ್ ಕೂಡ ಬರ್ತಾರೆ."

ಹನ್ನೆರಡು ಅಂದರೆ ಹನ್ನೆರಡಕ್ಕೆ ಹೋಗಲು ದೂಜ ಎಂತ ಹುಚ್ಚನಾ? ಅಣವೀರಪ್ಪ ಬಂದು ಕೂತರೆ ಆ ಹುಡುಗಿ ಏಡಿ ಏಡಿ ಅಂತಲೇ ಕುಣಿದಾಳು. ಒಂಬತ್ತೂವರೆಗೇ ಇಸ್ತ್ರಿ ಶರ್ಟು ಹಾಕಿ ಹೊರಟ. "ದಿಬ್ಬಣಕ್ಕೆ ಹೊರಟ ಹಾಗೆ ಹೊರಟಿದ್ದೀರಿ," ಅಂತ ಅಪ್ಪಿ ನಕ್ಕಳು. "ಅವರು ಏನಾದ್ರೂ ಹೇಳಿದ್ರೆ ಸುಮ್ನೆ ಹೂಂ ಅನ್ನಿ. ಅಣವೀರಣ್ಣನ ಜೊತೆ ಜಗಳ ತೆಗೀಬೇಡಿ."

"ನಾನ್ಯಾಕೆ ಜಗಳ ತೆಗೀಲಿ? ನನ್ನ ಕೆಲಸವೇ ಮಾತಾಡ್ತದೆ."

ದಾದರಿನಲ್ಲಿ ಲೋಕಲ್ ಬದಲಾಯಿಸಿ ಹತ್ತೂಮುಕ್ಕಾಲಿಗೆ ಆಫೀಸಿನಲ್ಲಿದ್ದ. ಎಸಿ ಕೋಣೆ, ಗೋಡೆಯಗಲದ ಪರದೆ. ಯಕ್ಷಿತಾ ಒಳ್ಳೆಯ ಹುಡುಗಿ, ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟಳು. ಉಡವನ್ನು ಪರದೆಯ ಮೇಲೆ ತಂದಾಗ ದೂಜ ಕುರ್ಚಿಯಿಂದ ಮುಂದಕ್ಕೆ ಬಗ್ಗಿದ. ಅವನು ಒತ್ತಿ ಒತ್ತಿ ಕೂರಿಸಿದ ಒಂದೊಂದು ಹುರುಪೆಯೂ ಎಣಿಸುವಷ್ಟು ಸ್ಪಷ್ಟ. ಆ ಖುಷಿಯಲ್ಲಿ ಜ್ವರದ ಕಥೆ, ದೈವದ ಕಥೆ, ಅಗೆಲಿನ ಕೋಳಿಯ ಸಮೇತ ಪೂರ್ತಿ ಹೇಳಿದ. ಹುಡುಗಿ ಬಾಯಿ ತೆರೆದು ಕೇಳಿದಳು. "ವಾವ್ ಅಂಕಲ್. ರೋಂಗಟೇ ಖಡೇ ಹೋ ಗಯೇ, ಮೈ ಝುಂ ಅಂತು." ದೂಜನಿಗೆ ತಾನು ನಾಲ್ಕಿಂಚು ಎತ್ತರವಾದ ಹಾಗೆ ಅನ್ನಿಸಿತು.

"ಅಂಕಲ್, ಅದೇ ಶಾಟ್‌ನಲ್ಲಿ ಒಂದು ಮಿಸ್ಟೇಕ್ ಇದೆ," ಅಂದಳು ಅವಳು. "ಥಿಯೇಟರ್‌ನಲ್ಲಿ ಯಾರಿಗೂ ಕಾಣಲ್ಲ, ಇಷ್ಟೇ ಇಷ್ಟು ಟೈಮ್. ನಾವು ಒಂದೊಂದೇ ಫ್ರೇಮ್ ನೋಡ್ತೀವಲ್ಲ, ಅದಕ್ಕೆ ಸಿಕ್ತು. ಫ್ರೇಮ್ ತೊಂಬತ್ತೇಳು. ನೋಡಿ, ನಿಮ್ಮ ಕೈ."

ಪರದೆಯ ಮೇಲೆ ಉಡದ ಅರ್ಧ ಬಿಚ್ಚಿದ ರೆಕ್ಕೆ. ರೆಕ್ಕೆಯ ತುದಿಯಲ್ಲಿ ಒಂದು ಬಲಗೈ, ಹಿಂದೆ ತೆಗೆಯುವ ಮೊದಲೇ ಫೋಟೋಗೆ ಸಿಕ್ಕಿಬಿದ್ದ ಕೈ. ಕರಿ, ಒರಟು ಕೈ. ಉಂಗುರದ ಬೆರಳು ಅರ್ಧಕ್ಕೇ ನಿಂತಿದೆ.

ಜೋಗೇಶ್ವರಿಯ ಆ ಶೆಡ್ಡಿನಲ್ಲಿ ಅರ್ಧ ಬೆರಳಿನವನು ಒಬ್ಬನೇ ಇದ್ದ. ಶೆಡ್ಡಿಗೆ ಬರುವ ಮೊದಲೇ, ಹಲಗೆ ಕೊಯ್ಯುವ ಮಷೀನಿಗೆ ಅಣವೀರಪ್ಪ ಕೊಟ್ಟು ಬಂದ ಬೆರಳು ಅದು.

ದೂಜ ತನ್ನ ಬಲಗೈಯನ್ನು ಮೆಲ್ಲಗೆ ತೊಡೆಯ ಕೆಳಗೆ ಸೇರಿಸಿದ. ಐದೂ ಬೆರಳು ಸರಿಯಾಗಿರುವ ಕೈ. ಗೊಂಬೆಯಾಟ ಗೊತ್ತಿದ್ದವನಿಗೆ ಉಳಿದದ್ದು ತಿಳಿಯಲು ನಿಮಿಷವೂ ಬೇಡ. ಶನಿವಾರ ಇವನು ಮೂವತ್ತು ಫ್ರೇಮಿಗೇ ಬಿದ್ದಿದ್ದಾನೆ. ಆಸ್ಪತ್ರೆಗೆ ಸೇರಿಸಿ ಬಂದ ಅಣವೀರಪ್ಪ ಭಾನುವಾರ, ಯಾರೂ ಇಲ್ಲದ ದಿನ, ಬೀಗ ತೆಗೆದು ಒಳಗೆ ಹೋಗಿದ್ದಾನೆ. ಶಾಟ್ ಅರ್ಧಕ್ಕೆ ಬಿಟ್ಟರೆ ದೀಪದ ಬಿಸಿ ತಿಂದ ರಬ್ಬರು ನಾಲ್ಕು ದಿನದಲ್ಲಿ ಜೋತುಬಿಡುತ್ತದೆ, ಮಾಸ್ತರ್ ಉಡವನ್ನು ಬೇರೆ ಕೈಗೆ ಕೊಟ್ಟುಬಿಡುತ್ತಾನೆ. ಅದಕ್ಕೇ ತಾನೇ ಸರಿಸಿ, ಎಡಗೈಯಲ್ಲಿ ಹಿಡಿದ ಕ್ಯಾಮೆರಾದ ಉದ್ದ ವೈರು ತಾನೇ ಒತ್ತಿ, ಹಗಲೂ ರಾತ್ರಿಯೂ ಒಬ್ಬನೇ. ಒಂದು ಸಲ ಮಾತ್ರ ಅವಸರದಲ್ಲಿ ಕೈ ತೆಗೆಯುವ ಮೊದಲೇ ಒತ್ತಿದ್ದಾನೆ. ಮೊಟ್ಟೆಯ ಕಡೆ ನೋಡಿದ್ದು, ರೆಕ್ಕೆ ನಡುಗಿದ್ದು, ಮಕ್ಕಳು ಅತ್ತದ್ದು, ಎಲ್ಲ ಅವನದು. ದೈವವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಂಥ ಗೆಳೆತನಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು. ದೂಜನಿಗೆ ಬಂದದ್ದು ಉರಿ, ಬರೀ ಉರಿ. ಏಡಿಯೂ ಅವನದೇ, ಉಡವೂ ಅವನದೇ! ಹಾಗಾದರೆ ಈ ಬೊಂಬಾಯಿಯಲ್ಲಿ ನಾನು ಮಾಡಿದ್ದು ಎಂತ? ಟೇಬಲ್ ಒರಸಿದ್ದಾ? ಇಷ್ಟು ವರ್ಷ ಅವನೆದುರು ಎದೆಯುಬ್ಬಿಸಿ ದೈವದ ಕಥೆ ಹೇಳಿದೆನಲ್ಲ, ತಲೆ ತಗ್ಗಿಸಿ ಖರೆ ಖರೆ ಅಂದನಲ್ಲ ಕಳ್ಳ, ಒಳಗೊಳಗೇ ಎಷ್ಟು ನಕ್ಕಿರಬೇಡ?

"ಅಂಕಲ್?" ಹುಡುಗಿ ಕೇಳುತ್ತಿದ್ದಳು. "ಇದು ನಿಮ್ಮ ಶಾಟ್, ಅದಕ್ಕೆ ನೀವೇ ಡಿಸೈಡ್ ಮಾಡ್ಬೇಕು. ಇಡೋದಾ, ತೆಗೆಯೋದಾ? ಇಟ್ಟರೆ ರಿಲೀಸ್ ದಿನದ ಎಕ್ಸಿಬಿಷನ್‌ನಲ್ಲಿ ಈ ಫ್ರೇಮ್‌ನ ದೊಡ್ಡ ಪ್ರಿಂಟ್ ಹಾಕ್ತೀವಿ. ಉಡವನ್ನು ಆಡಿಸಿದ ಕೈ ಅಂತ."

ದೊಡ್ಡ ಪ್ರಿಂಟು! ನೋಡಿದವರು ಬೆರಳು ಎಣಿಸದೆ ಬಿಡುತ್ತಾರಾ?

"ಅಳಿಸು," ಎಂದ ದೂಜ.

"ಪಕ್ಕಾ? ಎಷ್ಟು ಚಂದ ಇದೆ, ಸಿಗ್ನೇಚರ್ ಥರ."

"ನನ್ನ ಕೈ ಅಲ್ವಾ ಮಗಾ, ನಾನು ಹೇಳ್ತಾ ಇದ್ದೇನೆ. ತಪ್ಪು ತಪ್ಪೇ. ಅಳಿಸು."

ಹುಡುಗಿ ಪಕ್ಕದ ಫ್ರೇಮಿನಿಂದ ಬಂಡೆಯ ಚೂರುಗಳನ್ನು ಎಳೆದು ತಂದು ಕೈಯ ಮೇಲೆ ಅಂಟಿಸಿದಳು. ಮಣಿಕಟ್ಟು ಹೋಯಿತು, ಅಂಗೈ ಹೋಯಿತು, ಬೆರಳುಗಳು ಹೋದವು. ಹತ್ತು ನಿಮಿಷದಲ್ಲಿ ಅಲ್ಲಿ ಬರೀ ಕಲ್ಲು. ಉಡದ ಶಾಟ್ ಆಡಿಸಿದವರು ದೂಜ ಅಂತ ಒಂದು ಕಾಗದ ತಂದಳು, ದೂಜ ಸಹಿ ಹಾಕಿದ. ಪೆನ್ನು ವಾಪಸು ಕೊಟ್ಟು ಕೈಯನ್ನು ಮತ್ತೆ ತೊಡೆಯ ಕೆಳಗೆ ಸೇರಿಸಿದ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕೋಲು ಊರಿಕೊಂಡು ಅಣವೀರಪ್ಪ ಬಂದ. ದೂಜನನ್ನು ಕಂಡು ಅವನ ಮುಖ ಅರಳಿತು, ಮರುಕ್ಷಣ ಯಾಕೋ ಬಾಡಿತು. "ನೀ ಆಗಲೇ ಬಂದು ಕುಂತೀಯೇನೋ? ನಾ ನಿನಗಿಂತ ಮೊದಲ ಬರಬೇಕು ಅಂದಿದ್ದೆ." ಪರದೆಯ ಕಡೆ ನೋಡಿದ, ಹುಡುಗಿಯ ಕಡೆ ನೋಡಿದ. "ದೂಜಾ, ಗಂಟಲು ಒಣಗ್ಯಾದಪಾ. ಕೆಳಗ ಹೋಗಿ ಎರಡು ಚಾ ಹೇಳಿ ಬರ್ತೀಯೇನು?"

ನನ್ನನ್ನು ಹೊರಗೆ ಕಳಿಸಿ ಏಡಿಯ ಪುರಾಣ ಬಿಚ್ಚುತ್ತಾನೆ, ಅಂದುಕೊಂಡ ದೂಜ. ಬಾಗಿಲು ದಾಟಿದವನು ಮೆಟ್ಟಿಲಿಳಿಯಲಿಲ್ಲ. ಅರ್ಧ ಮುಚ್ಚಿದ ಬಾಗಿಲಿನ ಪಕ್ಕ ಗೋಡೆಗೆ ಒರಗಿ ನಿಂತ.

ಒಳಗೆ ಅಣವೀರಪ್ಪನ ದನಿ ತಗ್ಗಿತ್ತು. "ತಂಗಿ, ಒಂದು ಕೆಲಸ ಆಗಬೇಕವಾ. ಉಡ ಸಾಯೂ ಶಾಟ್‌ನಾಗ ಎಲ್ಲೋ ಒಂದು ಫ್ರೇಮ್‌ನಾಗ ನನ್ನ ಕೈ ಬಿದ್ದದ. ಅದನ್ನ ಅಳಿಸಿಬಿಡು. ದೂಜಗ ಮಾತ್ರ ತೋರಸಬ್ಯಾಡ. ಅವನ ಜೀವ ಆ ಶಾಟ್‌ನಾಗ ಅದ."

"ನಿಮ್ಮ ಕೈ?" ಹುಡುಗಿಗೆ ಗೊಂದಲ. "ದೂಜ ಅಂಕಲ್ ತಮ್ಮ ಕೈ ಅಂದ್ರು. ಅವರೇ ಡಿಲೀಟ್ ಮಾಡಿಸಿದ್ರು, ಅಭೀ ಅಭೀ. ಸೈನ್ ಕೂಡ ಮಾಡಿದ್ರು."

ಒಳಗೆ ಕುರ್ಚಿ ಎಳೆದ ಸದ್ದಾಯಿತು.

"ಅಂವ ನೋಡಿದನೇನು?"

"ಹೂಂ ಅಂಕಲ್. ಬಹುತ್ ದೇರ್ ತಕ್ ನೋಡಿದ್ರು. ಯಾಕೆ, ಪೇಪರ್ ಚೇಂಜ್ ಮಾಡ್ಬೇಕಾ? ಆಮೇಲೆ ಆಗಲ್ಲ."

ದೂಜ ಬಾಗಿಲಿಗೆ ಕಿವಿಯಿಟ್ಟ. ಹೇಳು. ಕಳ್ಳ ಅನ್ನು, ಸುಳ್ಳ ಅನ್ನು, ನನ್ನ ಕೈ ನುಂಗಿದ ಅನ್ನು. ಒಂದೇ ಒಂದು ಮಾತು ಬಯ್ಯಿ ಮಾರಾಯ. ಬೈದರೆ ಇಬ್ಬರೂ ಸಮ ಆಗುತ್ತೇವೆ.

"ಬ್ಯಾಡ ಬಿಡವಾ," ಅಂದ ಅಣವೀರಪ್ಪ. "ನನಗ ಮರವು ಭಾಳ ಆಗ್ಯಾದ. ಅದು ಅವನ ಕೈನೇ. ಹಂಗೇ ಇರಲಿ."

ಗೋಡೆಗೆ ಒರಗಿದ್ದ ದೂಜ ಕಣ್ಣು ಮುಚ್ಚಿಕೊಂಡ. ಒಳಗೆ ಹೋಗಿ, ಅಲ್ಲ, ಅದು ಇವನ ಕೈ, ವಾಪಸು ಹಾಕು ಅನ್ನಬಹುದಿತ್ತು. ನಾಲ್ಕು ಹೆಜ್ಜೆಯ ದಾರಿ. ಹೋಗಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಅಣವೀರಪ್ಪನ ಹೆಸರಿಗೆ, ಮನೆಗೆ, ಮಕ್ಕಳಿಗೆ, ಏಡಿಗೆ, ಎಲ್ಲದಕ್ಕೂ ಹೊಟ್ಟೆಕಿಚ್ಚು ಪಟ್ಟಿದ್ದ. ಆದರೆ ಈಗ, ಆ ಬಾಗಿಲ ಬಳಿ ನಿಂತಲ್ಲಿ, ಆ ಮನುಷ್ಯ ಅಷ್ಟು ಸುಲಭವಾಗಿ ಬಿಟ್ಟುಕೊಟ್ಟನಲ್ಲ, ಬಿಟ್ಟುಕೊಡಲು ಅವನಿಗೆ ಆಯಿತಲ್ಲ, ಅದಕ್ಕೆ ಪಟ್ಟಷ್ಟು ಹೊಟ್ಟೆಕಿಚ್ಚು ಹಿಂದೆ ಯಾವತ್ತೂ ಪಟ್ಟಿರಲಿಲ್ಲ.

"ದೂಜಾ," ಒಳಗಿನಿಂದ ಕೂಗು ಬಂತು, "ಚಾ ಹೇಳಿದಿಯೇನೋ?"

"ಹೇಳಿದೆ," ಅಂದ ದೂಜ. ಹೇಳಿರಲಿಲ್ಲ. ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಕೆಳಗಿಳಿದ.